ಮಳಖೇಡದ ಮಹಾರಾಜ ಅಮೋಘವರ್ಷ ನೃಪತುಂಗನ ಚರಿತ್ರೆ

ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡ ಇಂದು ಸೇಡಂ ತಾಲೂಕಿನ ಒಂದು ಗ್ರಾಮ. ಕಲಬುರಗಿಯಿಂದ ಸೇಡಂ ಕಡೆ ಹೋಗುವ ಬಸ್ಸು ಈ ಊರ ಮೇಲೆಯೇ ಹೋಗುತ್ತದೆ. ಬಸ್ಸಿನಲ್ಲಿ ಕೂತವರು ಸಿಮೆಂಟ್ ಕಾರ್ಖಾನೆ ನೋಡುತ್ತಾರೆ, ಹಳೆ ಕೋಟೆ ನೋಡುತ್ತಾರೆ, ಸುಮ್ಮನೆ ಮುಂದೆ ಹೋಗುತ್ತಾರೆ. ಆದರೆ ಸುಮಾರು 1200 ವರ್ಷಗಳ ಹಿಂದೆ ಇದೇ ಊರು ಮಾನ್ಯಖೇಟ ಎಂಬ ಹೆಸರಿನಿಂದ ರಾಷ್ಟ್ರಕೂಟ ಸಾಮ್ರಾಜ್ಯದ ರಾಜಧಾನಿಯಾಗಿತ್ತು. ದೂರದ ಅರಬ್ಬೀ ದೇಶದ ಬರಹಗಾರರು ಈ ಊರನ್ನು ಮಾಂಕೀರ್ ಅಂತ ಕರೆದು ತಮ್ಮ ಗ್ರಂಥಗಳಲ್ಲಿ ಬರೆದಿಟ್ಟಿದ್ದಾರೆ. ಈ ಮಾನ್ಯಖೇಟವನ್ನು ಇಂದ್ರನ ಅಮರಾವತಿಯೇ ನಾಚುವಂತೆ ಕಟ್ಟಿಸಿದನೆಂದು ಮುಂದಿನ ರಾಷ್ಟ್ರಕೂಟ ಶಾಸನಗಳು ಹೊಗಳುವುದು ಅಮೋಘವರ್ಷ ನೃಪತುಂಗ ಚಕ್ರವರ್ತಿಯನ್ನು.

ಭಂಕೂರ, ಶಹಾಬಾದ, ವಾಡಿ, ಚಿತ್ತಾಪುರ, ಚಿಂಚೋಳಿ ಕಡೆಯ ಭಕ್ತಾದಿಗಳಿಗೆ ಈ ಅರಸನ ಹೆಸರು ಹೊಸದಲ್ಲ. ಮಳಖೇಡದ ಕೋಟೆಯನ್ನು ತೊಳೆದುಕೊಂಡು ಹರಿಯುವ ಕಾಗಿಣೆಯೇ ಮುಂದೆ ಶಹಾಬಾದ ಸೀಮೆಯಲ್ಲಿ ಹಾಯ್ದು ಭೀಮೆಯ ಮಡಿಲು ಸೇರುತ್ತಾಳೆ. ಹೀಗಾಗಿ ಒಂದೇ ನೀರು ಕುಡಿದ ಊರುಗಳಿವು. ಬೆಂಗಳೂರಿನಲ್ಲಿ ನೃಪತುಂಗ ರಸ್ತೆ ಅಂತ ದೊಡ್ಡ ರಸ್ತೆಯೇ ಇದೆ. ಆ ಹೆಸರಿನ ಅರಸ ಆಳಿದ್ದು ಮಾತ್ರ ಇಲ್ಲಿ, ಈ ಕಪ್ಪು ಮಣ್ಣಿನ, ಹಾಸುಗಲ್ಲಿನ ನಾಡಿನಲ್ಲಿ ಎಂಬುದು ಎಷ್ಟೋ ಮಂದಿಗೆ ಗೊತ್ತಿರುವುದಿಲ್ಲ.

ಜನನ ಮತ್ತು ಬಾಲ್ಯ

ಅಮೋಘವರ್ಷನ ತಂದೆ ಮೂರನೆಯ ಗೋವಿಂದ. ಮಹಾಪರಾಕ್ರಮಿ. ಉತ್ತರದಲ್ಲಿ ಗೂರ್ಜರ ಪ್ರತೀಹಾರರನ್ನೂ ಬಂಗಾಳದ ಪಾಲರನ್ನೂ ಮಣಿಸಿ, ತನ್ನ ಕುದುರೆಗಳಿಗೆ ಹಿಮಾಲಯದ ನೀರು ಕುಡಿಸಿದನೆಂದು ಶಾಸನಗಳಲ್ಲಿ ವರ್ಣಿತನಾದ ಅರಸ. ಆ ದಂಡಯಾತ್ರೆಯಿಂದ ಹಿಂದಿರುಗುವಾಗ ಮಳೆಗಾಲ ಹಿಡಿಯಿತು. ದಂಡು ಮುಂದೆ ಸಾಗಲಾರದೆ ಗುಜರಾತ ಭಾಗದ ಶ್ರೀಭವನ ಎಂಬ ಊರಲ್ಲಿ ಬೀಡುಬಿಟ್ಟಿತು. ಅಲ್ಲಿಯೇ, ಸುಮಾರು ಕ್ರಿ.ಶ. 800ರ ವೇಳೆಗೆ, ಅರಮನೆಯಲ್ಲಲ್ಲದೆ ದಂಡಿನ ಬೀಡಿನಲ್ಲಿ ಈ ಕೂಸು ಹುಟ್ಟಿತು. ಶರ್ವ ಎಂಬುದು ಅವನ ಹುಟ್ಟುಹೆಸರೆಂದು ವಿದ್ವಾಂಸರು ಹೇಳುತ್ತಾರೆ. ಶರ್ವ ಅಂದರೆ ಶಿವ. ಅಮೋಘವರ್ಷ, ನೃಪತುಂಗ, ಅತಿಶಯಧವಳ, ವೀರನಾರಾಯಣ, ಲಕ್ಷ್ಮೀವಲ್ಲಭ ಇವೆಲ್ಲ ಆಮೇಲೆ ಬಂದ ಬಿರುದುಗಳು. ಹುಟ್ಟುಹೆಸರು ಶಿವನದು, ಬಿರುದು ನಾರಾಯಣನದು, ಮುಂದೆ ಒಲಿದದ್ದು ಜಿನನಿಗೆ. ಈ ಅರಸನ ಬಾಳು ಮೊದಲಿನಿಂದಲೂ ಹೀಗೇ ನಡೆದುಬಂತು.

ಕ್ರಿ.ಶ. 814ರಲ್ಲಿ ತಂದೆ ತೀರಿಕೊಂಡಾಗ ಹುಡುಗನಿಗೆ ಹದಿಮೂರೋ ಹದಿನಾಲ್ಕೋ ವರ್ಷ. ಎಳೆಯ ಹುಡುಗ ಸಿಂಹಾಸನ ಏರಿದ ಅಂದರೆ ಸುತ್ತಲಿನವರು ಸುಮ್ಮನೆ ಕೂಡುತ್ತಾರೆಯೇ? ಸಾಮಂತರು ತಿರುಗಿಬಿದ್ದರು, ಸ್ವಂತ ಬಳಗದವರೂ ದಾಯಾದಿಗಳೂ ಅವರ ಜೊತೆ ಕೂಡಿಕೊಂಡರು. ಕೆಲಕಾಲ ಹುಡುಗನಿಗೆ ಪಟ್ಟವೇ ತಪ್ಪಿಹೋಗಿತ್ತು. ಗುಜರಾತ ಶಾಖೆಯ ರಾಷ್ಟ್ರಕೂಟ ಅರಸ, ಸಂಬಂಧದಲ್ಲಿ ಅಣ್ಣನಾಗಬೇಕಾದ ಕರ್ಕ ಸುವರ್ಣವರ್ಷನು ಬೆನ್ನಿಗೆ ನಿಂತು, ದಂಗೆಕೋರರನ್ನು ಸದೆಬಡಿದು, 821ರೊಳಗೆ ಮತ್ತೆ ಪಟ್ಟದ ಮೇಲೆ ಕೂಡಿಸಿದನು. ತನಗೇ ಬೇಕಾಗಿದ್ದರೆ ಕರ್ಕನು ಆಗ ಸಾಮ್ರಾಜ್ಯ ಕಸಿದುಕೊಳ್ಳಬಹುದಿತ್ತು. ಕೊಟ್ಟ ಮಾತಿಗೆ ತಪ್ಪಲಿಲ್ಲ.

ಯುದ್ಧಗಳ ಸಂಗತಿ

ಅಮೋಘವರ್ಷ 64 ವರ್ಷ ಆಳಿದ. ಅದರಲ್ಲಿ ಮೊದಲ ಅರ್ಧ ಬರೀ ಗದ್ದಲದಲ್ಲೇ ಕಳೆಯಿತು. ವೆಂಗಿಯ ಚಾಲುಕ್ಯರೊಡನೆ ಯುದ್ಧವಾಯಿತು, ವಿಂಗವಳ್ಳಿ ಎಂಬಲ್ಲಿ ಅವರನ್ನು ಸೋಲಿಸಿದ. ದಕ್ಷಿಣದ ಗಂಗರು ಕಪ್ಪ ನಿಲ್ಲಿಸಿ ಸ್ವತಂತ್ರರಾಗಲು ನೋಡಿದರು. ಅವರ ಜೊತೆ ವರ್ಷಗಟ್ಟಲೆ ಕಾದಾಡಿದರೂ ಪೂರ್ತಿ ಗೆಲುವು ಸಿಗಲಿಲ್ಲ. ಕೊನೆಗೆ ತನ್ನ ಮಗಳು ಚಂದ್ರಬ್ಬಲಬ್ಬೆಯನ್ನು ಗಂಗರ ಬೂತುಗನಿಗೆ ಕೊಟ್ಟು ಮದುವೆ ಮಾಡಿ, ವೈರಿಗಳನ್ನು ಬೀಗರನ್ನಾಗಿ ಮಾಡಿಕೊಂಡ. ಗುಜರಾತ ಶಾಖೆಯವರೂ ಮುಂದೆ ತಿರುಗಿಬಿದ್ದು, ಕಡೆಗೆ ಸಂಧಿಯಾಯಿತು. ತಂದೆಯಂತೆ ದಿಗ್ವಿಜಯ ಮಾಡಿದ ಅರಸ ಈತನಲ್ಲ. ಇದ್ದದ್ದನ್ನು ಉಳಿಸಿಕೊಂಡು, ಒಂದು ಊರು ಕಟ್ಟಿ, ಆ ಊರಲ್ಲಿ ಕೂತು ಆಳಿದವನು. 866ರ ಸಿರೂರು, ನೀಲಗುಂದ ಶಾಸನಗಳು ಇವನ 52ನೆಯ ಆಳ್ವಿಕೆಯ ವರ್ಷದವು. ಅಂಗ, ವಂಗ, ಮಗಧ, ಮಾಳವ, ವೆಂಗಿಯ ಅರಸರು ಇವನನ್ನು ಪೂಜಿಸುತ್ತಿದ್ದರೆಂದು ಅವು ಕೊಂಡಾಡುತ್ತವೆ. ಶಾಸನ ಬರೆಯುವವರು ಸ್ವಲ್ಪ ಹೆಚ್ಚಿಗೆ ಬರೆಯುವುದು ವಾಡಿಕೆ.

ಈ ಕಾಲದ ಒಬ್ಬ ಬಂಟನ ಸಂಗತಿ ಹೇಳಲೇಬೇಕು. ಅವನೇ ಬಂಕೇಶ. ಇವನ ಹೆಸರಿನಿಂದಲೇ ಹಾವೇರಿ ಜಿಲ್ಲೆಯ ಬಂಕಾಪುರ ಆಯಿತು. ಗಂಗರ ಮೇಲೆ ದಂಡೆತ್ತಿ ಹೋಗಿ ಕೈದಾಳದ ಕೋಟೆ ಹಿಡಿದಿದ್ದಾಗ, ರಾಜಧಾನಿಯಲ್ಲಿ ದಂಗೆ ಎದ್ದ ಸುದ್ದಿ ಬಂತು. ಮೂರು ತಿಂಗಳೊಳಗೆ ಒಡೆಯನ ವೈರಿಗಳನ್ನು ಗೆಲ್ಲದಿದ್ದರೆ ಅಗ್ನಿಪ್ರವೇಶ ಮಾಡುವೆನೆಂದು ಪಣತೊಟ್ಟು ಹಿಂದಿರುಗಿ ಬಂದು, ಗೆದ್ದೂ ತೋರಿಸಿದನು. ಇಂಥ ಬಂಟ ತನಗಾಗಿ ಏನು ಬೇಡಿದ? ತಾನು ಕೊಳನೂರಿನಲ್ಲಿ ಕಟ್ಟಿಸಿದ ಜಿನಾಲಯಕ್ಕೆ ಭೂಮಿ ಬೇಡಿದ. 860ರಲ್ಲಿ ಅರಸನು ತಳೆಯೂರು ಗ್ರಾಮವನ್ನು ಆ ಬಸದಿಗೆ ದತ್ತಿ ಬಿಟ್ಟುಕೊಟ್ಟನು. ಆ ಕೊಳನೂರೇ ಇಂದಿನ ಗದಗ ಜಿಲ್ಲೆಯ ಕೊಣ್ಣೂರು. ದತ್ತಿಯ ಬರಹವನ್ನು ಮುಂದಿನವರು ಕಲ್ಲಿನ ಮೇಲೆ ಕೆತ್ತಿಸಿ ಇಟ್ಟಿದ್ದರಿಂದ ಈ ಸಂಗತಿ ಉಳಿದುಬಂತು.

ಅರಸನ ಗುರುಗಳು

ಅಮೋಘವರ್ಷನ ಮನಸ್ಸು ಒಲಿದದ್ದು ಜೈನ ಧರ್ಮದ ಕಡೆಗೆ. ಆದಿಪುರಾಣ, ಪಾರ್ಶ್ವಾಭ್ಯುದಯ ರಚಿಸಿದ ಮಹಾಪಂಡಿತರಾದ ಜಿನಸೇನಾಚಾರ್ಯರು ಇವನಿಗೆ ಗುರುಗಳು. ಅರಸನು ಆಚಾರ್ಯರ ಪಾದಗಳಿಗೆ ಕಿರೀಟ ಮುಟ್ಟಿಸಿ ನಮಸ್ಕರಿಸಿ, ತಾನು ಪಾವನನಾದೆನೆಂದು ಭಾವಿಸುತ್ತಿದ್ದನೆಂದು ಅವರ ಶಿಷ್ಯರಾದ ಗುಣಭದ್ರಾಚಾರ್ಯರು ಉತ್ತರಪುರಾಣದಲ್ಲಿ ತಿಳಿಸಿದ್ದಾರೆ. ಜೈನರ ಪವಿತ್ರ ಆಗಮದ ಮೇಲಿನ ಜಯಧವಲಾ ಎಂಬ ಬೃಹತ್ ಟೀಕೆ 837ರಲ್ಲಿ ಪೂರ್ಣಗೊಂಡದ್ದು ಇವನ ಆಳ್ವಿಕೆಯಲ್ಲೇ. ಮಹಾವೀರಾಚಾರ್ಯರ ಗಣಿತಸಾರಸಂಗ್ರಹ, ಶಾಕಟಾಯನನ ವ್ಯಾಕರಣ ಇವೂ ಈ ಕಾಲದವೇ. ಶಾಕಟಾಯನನಂತೂ ತನ್ನ ವ್ಯಾಕರಣದ ವೃತ್ತಿಗೆ ಅರಸನ ಹೆಸರನ್ನೇ ಇಟ್ಟು ಅಮೋಘವೃತ್ತಿ ಅಂತ ಕರೆದ.

ಮಹಾವೀರಾಚಾರ್ಯರು ತಮ್ಮ ಗಣಿತಗ್ರಂಥದ ಆರಂಭದಲ್ಲಿ ಈ ಅರಸನನ್ನು ಸ್ಯಾದ್ವಾದದ ಪಕ್ಷದವನೆಂದು ಸ್ತುತಿಸುತ್ತಾರೆ. ಸ್ಯಾದ್ವಾದ ಅಂದರೇನು ಅಂತ ಭಕ್ತಾದಿಗಳು ಕೇಳಬಹುದು. ಒಂದು ವಸ್ತುವನ್ನು ನೋಡುವ ದಾರಿ ಒಂದೇ ಅಲ್ಲ. ಈ ಕಡೆಯಿಂದ ನೋಡಿದರೆ ಹೀಗೆ, ಆ ಕಡೆಯಿಂದ ನೋಡಿದರೆ ಹಾಗೆ. ಹೀಗಾಗಿ ತಾನು ಕಂಡದ್ದೇ ಪೂರ್ತಿ ಸತ್ಯ ಅಂತ ಹಟ ಹಿಡಿಯಬಾರದು. ಸರಳವಾಗಿ ಹೇಳಬೇಕಂದರೆ ಇಷ್ಟೇ. ಪಂಡಿತರು ವಾದಕ್ಕೆ ಬಳಸಿದ ಈ ಮಾತನ್ನು ಅರಸನೊಬ್ಬ ರಾಜ್ಯಭಾರಕ್ಕೆ ಬಳಸಿದರೆ ಹೇಗಿರುತ್ತದೆ ಎಂಬುದಕ್ಕೆ ಮುಂದಿನ ಸಂಗತಿಗಳೇ ಸಾಕ್ಷಿ.

ಮಹಾಲಕ್ಷ್ಮಿಗೆ ಬೆರಳು

ಅಮೋಘವರ್ಷನ ಚರಿತ್ರೆಯಲ್ಲಿ ಎಲ್ಲಕ್ಕಿಂತ ಮೈ ಜುಮ್ಮೆನ್ನಿಸುವ ಪ್ರಸಂಗ ಇದು. ಪುರಾಣದ ಕತೆಯಲ್ಲ. ಕ್ರಿ.ಶ. 871ರ ಸಂಜಾನ್ ತಾಮ್ರಶಾಸನದಲ್ಲಿ, ಅರಸ ಬದುಕಿದ್ದಾಗಲೇ ಬರೆಸಿದ ಬರಹದಲ್ಲಿ ಇದೆ.

ಒಮ್ಮೆ ನಾಡಿಗೆ ದೊಡ್ಡ ಆಪತ್ತು ಬಂತು. ಬರವೋ, ಬೇನೆಯೋ ಶಾಸನ ಬಿಡಿಸಿ ಹೇಳುವುದಿಲ್ಲ. ಪ್ರಜೆಗಳಿಗೆ ಉಪದ್ರವ ಎಂದಷ್ಟೇ ಇದೆ. ಅರಸನು ಮಹಾಲಕ್ಷ್ಮಿಯ ಸನ್ನಿಧಿಗೆ ಹೋಗಿ, ತನ್ನ ಎಡಗೈಯ ಬೆರಳನ್ನು ಕತ್ತರಿಸಿ ದೇವಿಗೆ ಅರ್ಪಿಸಿದನು. ಆ ಮಹಾಲಕ್ಷ್ಮಿ ಕೊಲ್ಲಾಪುರದ ತಾಯಿಯೇ ಇರಬೇಕೆಂದು ವಿದ್ವಾಂಸರ ಅಭಿಪ್ರಾಯ. ಹಿಂದಿನ ಕಾಲದಲ್ಲಿ ಪಾರಿವಾಳದ ಪ್ರಾಣಕ್ಕಾಗಿ ಮೈ ಕೊಯ್ದುಕೊಟ್ಟ ಶಿಬಿ, ದೇವತೆಗಳಿಗೆ ಬೆನ್ನೆಲುಬು ಕೊಟ್ಟ ದಧೀಚಿ, ನಾಗನ ಬದಲು ಗರುಡನಿಗೆ ತನ್ನನ್ನೇ ಒಪ್ಪಿಸಿಕೊಂಡ ಜೀಮೂತವಾಹನ, ಇವರ ಸಾಲಿನಲ್ಲಿ ಶಾಸನವು ಈ ಅರಸನನ್ನೂ ನಿಲ್ಲಿಸುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಅರಸನ ಗುರುಗಳು ಜೈನರು. ಅವರ ದಾರಿಯಲ್ಲಿ ದೇವಿಗೆ ರಕ್ತ ಅರ್ಪಿಸುವ ಮಾತೇ ಇಲ್ಲ. ಇರುವೆಗೂ ನೋವಾಗಬಾರದೆಂಬ ಧರ್ಮ ಅದು. ಪ್ರಜೆಗಳೋ, ಅವರಲ್ಲಿ ಬಹಳ ಮಂದಿ ನಂಬಿದ್ದು ತಾಯಿಯನ್ನು. ಕಷ್ಟಕಾಲದಲ್ಲಿ ಜನ ಅರಸನ ಮುಖ ನೋಡುತ್ತಾರೆ. ನಿಮ್ಮ ದೇವಿಯನ್ನು ಬಿಡಿ, ನನ್ನ ಗುರುಗಳ ದಾರಿಗೆ ಬನ್ನಿ ಅಂತ ಅವನು ಹೇಳಬಹುದಿತ್ತು. ಹೇಳಲಿಲ್ಲ. ಇಲ್ಲವೇ ಅರಮನೆಯ ಖರ್ಚಿನಲ್ಲಿ ಪೂಜೆ ಮಾಡಿಸಿ ದೂರ ಕೂಡಬಹುದಿತ್ತು. ಅದನ್ನೂ ಮಾಡಲಿಲ್ಲ. ಜನರು ನಂಬಿದ ದೇವಿಯ ಮುಂದೆ ತಾನೇ ಹೋಗಿ ನಿಂತ. ಕೊಟ್ಟದ್ದು ಮಾತ್ರ ಇನ್ನೊಂದು ಜೀವವನ್ನಲ್ಲ, ತನ್ನ ಮೈಯದೇ ತುಂಡನ್ನು. ಗುರುವಿಗೂ ಎರಡು ಬಗೆಯಲಿಲ್ಲ, ಪ್ರಜೆಗಳ ನಂಬಿಕೆಗೂ ಎರಡು ಬಗೆಯಲಿಲ್ಲ.

ಇದನ್ನೇ ಹಿಡಿದು ವಿದ್ವಾಂಸರಲ್ಲಿ ವಾದವೂ ಇದೆ. ಬೆರಳು ಕೊಟ್ಟವನು ಜೈನನಾಗಿರಲು ಹೇಗೆ ಸಾಧ್ಯ ಅಂತ ಕೆಲವರು. ಗುರುಗಳ ಪಾದಕ್ಕೆ ಕಿರೀಟ ಮುಟ್ಟಿಸಿದವನು ಜೈನನಲ್ಲದೆ ಮತ್ತೇನು ಅಂತ ಕೆಲವರು. ಇನ್ನೂ ನೋಡಿದರೆ, ಆ ಸಂಜಾನ್ ಶಾಸನವೇ ನಾಲ್ವರು ಬ್ರಾಹ್ಮಣರಿಗೆ ಅವರ ಅಗ್ನಿಹೋತ್ರ, ವೈಶ್ವದೇವ ಮೊದಲಾದ ನಿತ್ಯಕರ್ಮಗಳಿಗಾಗಿ ಊರೊಂದನ್ನು ದಾನ ಕೊಟ್ಟ ಪತ್ರ. ರಾಷ್ಟ್ರಕೂಟರ ತಾಮ್ರಪಟಗಳ ಆರಂಭದ ಮಂಗಳ ಶ್ಲೋಕದಲ್ಲಿ ಹರಿ ಹರ ಇಬ್ಬರಿಗೂ ಒಂದೇ ಉಸಿರಿನಲ್ಲಿ ವಂದನೆ ಇರುತ್ತದೆ, ಮುದ್ರೆಯ ಮೇಲೆ ಗರುಡ ಇರುತ್ತಾನೆ. ಅರಸನನ್ನು ಒಂದು ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚಬೇಕೆಂದವರಿಗೆ ಇದು ತೊಡಕು. ಅಂದಿನ ಪ್ರಜೆಗಳಿಗೆ ಇದು ತೊಡಕೆನಿಸಿರಲಿಕ್ಕಿಲ್ಲ.

ಕಣ್ಹೇರಿಯ ಬೌದ್ಧರು

ಅಮೋಘವರ್ಷನ ರಾಜ್ಯ ನರ್ಮದೆಯ ಆಚೆಯವರೆಗೂ ಹಬ್ಬಿತ್ತು. ಅದರಲ್ಲಿ ಕೊಂಕಣ ಪ್ರಾಂತವನ್ನು ಅವನ ಸಾಮಂತರಾದ ಶಿಲಾಹಾರರು ನೋಡಿಕೊಳ್ಳುತ್ತಿದ್ದರು. ಇಂದಿನ ಮುಂಬಯಿ ನಗರದ ಮಗ್ಗುಲಲ್ಲೇ ಕಣ್ಹೇರಿ ಎಂಬ ಬೆಟ್ಟವಿದೆ. ಆ ಕಾಲದ ಹೆಸರು ಕೃಷ್ಣಗಿರಿ. ಬೆಟ್ಟದ ತುಂಬ ಬೌದ್ಧ ಭಿಕ್ಷುಗಳ ಗುಹೆಗಳು. ಬೌದ್ಧ ಧರ್ಮ ದಕ್ಷಿಣದಲ್ಲಿ ಕ್ಷೀಣಿಸುತ್ತಿದ್ದ ಕಾಲ ಅದು. ಆದರೂ 843ರಿಂದ 877ರವರೆಗೆ ಅಲ್ಲಿ ಕೆತ್ತಿದ ಶಾಸನಗಳು ಅಮೋಘವರ್ಷನ ಆಳ್ವಿಕೆಯನ್ನು ಹೆಸರಿಸಿ, ಬೌದ್ಧ ಸಂಘಕ್ಕೆ ಬಂದ ದಾನಗಳನ್ನು ಲೆಕ್ಕವಿಟ್ಟು ಹೇಳುತ್ತವೆ. ವಿಹಾರದ ದುರಸ್ತಿ, ಭಿಕ್ಷುಗಳ ಬಟ್ಟೆ, ಪುಸ್ತಕ ಇವುಗಳಿಗೆಲ್ಲ ಹಣ ಇಟ್ಟಿದ್ದಾರೆ. ದೂರದ ಗೌಡ ದೇಶದಿಂದ ಅಂದರೆ ಬಂಗಾಳದಿಂದ ಬಂದ ಭಕ್ತನೊಬ್ಬ 100 ದ್ರಮ್ಮ ಇಟ್ಟುಹೋಗಿದ್ದಾನೆ. ಗೌಡ ದೇಶದ ಪಾಲರಿಗೂ ರಾಷ್ಟ್ರಕೂಟರಿಗೂ ಹಳೆಯ ಜಗಳ. ಹಾಗಿದ್ದರೂ ಆ ದೇಶದ ಯಾತ್ರಿಕ ಬಂದು, ಬೆಟ್ಟ ಹತ್ತಿ, ಕಾಣಿಕೆ ಇಟ್ಟು, ಕಲ್ಲಿನ ಮೇಲೆ ಹೆಸರು ಕೆತ್ತಿಸಿ ಹೋಗುವುದಕ್ಕೆ ಅಡ್ಡಿಯಾಗಲಿಲ್ಲ.

ಎಲ್ಲೋರಾದ ಬೆಟ್ಟಕ್ಕೆ ಹೋದವರಿಗೆ ಇನ್ನೊಂದು ದೃಶ್ಯ ನೆನಪಿರಬಹುದು. ಅಲ್ಲಿ ಒಟ್ಟು 34 ಗುಹೆಗಳು. ಮೊದಲ 12 ಬೌದ್ಧರವು, ಆಮೇಲಿನ 17 ಶಿವ, ವಿಷ್ಣು, ದೇವಿಯರವು, ಕೊನೆಯ ಐದು ಜೈನರವು. ನಡುವೆ ಇರುವ ಕೈಲಾಸ ದೇವಾಲಯವನ್ನು ಮೇಲಿನಿಂದ ಕೆಳಗೆ ಕಡೆದು ತೆಗೆಸಿದವನು ಅಮೋಘವರ್ಷನ ಮುತ್ತಾತನಾದ ಒಂದನೆಯ ಕೃಷ್ಣ. ಒಂದೇ ಕಲ್ಲು, ಒಂದೇ ಬೆಟ್ಟ, ಉಳಿ ಹಿಡಿದ ಕೈಗಳೂ ಬಹುಶಃ ಒಂದೇ ಕಸುಬಿನ ಮನೆತನಗಳವು.

ಅರಬ್ಬೀ ವ್ಯಾಪಾರಿಗಳು ಕಂಡ ಬಲ್ಹರಾ

ಸಮುದ್ರ ದಾಟಿ ಬಂದವರು ಈ ಅರಸನ ಬಗ್ಗೆ ಏನು ಬರೆದಿದ್ದಾರೆ ಎಂಬುದು ಇನ್ನೂ ಸ್ವಾರಸ್ಯ. 851ರಲ್ಲಿ ಬರೆದ, ಸುಲೈಮಾನ್ ಎಂಬ ವ್ಯಾಪಾರಿಯ ಹೆಸರಿನಲ್ಲಿರುವ ಅರಬ್ಬೀ ವೃತ್ತಾಂತ ಒಂದಿದೆ. ಜಗತ್ತಿನ ನಾಲ್ವರು ದೊಡ್ಡ ಅರಸರಲ್ಲಿ ಬಾಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ರೂಮಿನ ಅಂದರೆ ಕಾನ್‌ಸ್ಟಾಂಟಿನೋಪಲ್‌ನ ದೊರೆ, ಇವರ ಜೊತೆಗೆ ನಾಲ್ಕನೆಯವನಾಗಿ ಬಲ್ಹರಾನನ್ನು ಅದು ಹೆಸರಿಸುತ್ತದೆ. ರಾಷ್ಟ್ರಕೂಟರ ವಲ್ಲಭರಾಜ ಎಂಬ ಬಿರುದೇ ಅರಬ್ಬರ ನಾಲಿಗೆಯಲ್ಲಿ ಬಲ್ಹರಾ ಆಯಿತು. ಆ ಸಮಯದಲ್ಲಿ ಪಟ್ಟದ ಮೇಲಿದ್ದ ವಲ್ಲಭ ನಮ್ಮ ಅಮೋಘವರ್ಷನೇ. ಅರಬ್ಬರ ಮೇಲೆ ಇಷ್ಟು ವಿಶ್ವಾಸ ಇಟ್ಟ ದೊರೆ ಬೇರೆ ಇಲ್ಲವೆಂದು ಆ ವ್ಯಾಪಾರಿಗಳ ಅನುಭವ.

ಕುದುರೆ ತರುವವರು ಅರಬ್ಬರು, ಕೊಳ್ಳುವವರು ರಾಷ್ಟ್ರಕೂಟರು. ಹಾಗಾಗಿ ಇದರಲ್ಲಿ ವ್ಯಾಪಾರದ ಲೆಕ್ಕವೂ ಇತ್ತೆಂಬುದು ನಿಜ. ಉತ್ತರದ ಪ್ರತೀಹಾರರು ಸಿಂಧದ ಅರಬ್ಬರಿಗೂ ರಾಷ್ಟ್ರಕೂಟರಿಗೂ ಸಮಾನ ವೈರಿಗಳಾಗಿದ್ದದ್ದೂ ಒಂದು ಕಾರಣ. ಅದೇನೇ ಇರಲಿ, ಬಂದರುಗಳಲ್ಲಿ ನೆಲೆಸಿದ ಮುಸಲ್ಮಾನರು ಮಸೀದಿ ಕಟ್ಟಿಕೊಂಡು ಬಹಿರಂಗವಾಗಿ ನಮಾಜು ಮಾಡುತ್ತಿದ್ದರು. ಹತ್ತನೆಯ ಶತಮಾನದ ಆರಂಭದಲ್ಲಿ ಕೊಂಕಣ ತೀರಕ್ಕೆ ಬಂದ ಅಲ್ ಮಸೂದಿ ಎಂಬ ಪ್ರವಾಸಿ ಸೈಮೂರ್, ಅಂದರೆ ಇಂದಿನ ಚೌಲ್ ಬಂದರಿನಲ್ಲಿ ಸುಮಾರು 10,000 ಮುಸಲ್ಮಾನರನ್ನು ಕಂಡದ್ದಾಗಿ ಬರೆಯುತ್ತಾನೆ. ಅವರ ವ್ಯಾಜ್ಯಗಳನ್ನು ಅವರ ಧರ್ಮದ ಪ್ರಕಾರವೇ ತೀರ್ಮಾನಿಸಲು ಅವರಲ್ಲೇ ಒಬ್ಬ ಮುಖಂಡನನ್ನು ಅರಸನೇ ನೇಮಿಸುತ್ತಿದ್ದನಂತೆ. ಬಲ್ಹರಾನ ರಾಜಧಾನಿ ಮಾಂಕೀರ್ ಎಂದು ಬರೆದವರಲ್ಲಿ ಇವನೂ ಒಬ್ಬ.

ಅಮೋಘವರ್ಷ ಹಾಕಿದ ಈ ದಾರಿ ಅವನ ಮಗನ ಕಾಲಕ್ಕೆ ಎಲ್ಲಿಗೆ ಮುಟ್ಟಿತು ಎಂಬುದನ್ನು ಚಿಂಚಣಿಯಲ್ಲಿ ಸಿಕ್ಕ 926ರ ತಾಮ್ರಪಟ ತಿಳಿಸುತ್ತದೆ. ಮಗ ಎರಡನೆಯ ಕೃಷ್ಣನು ಸಂಜಾನ್ ಮಂಡಲದ ಅಧಿಕಾರವನ್ನು ಮಧುಮತಿ ಎಂಬ ತಾಜಿಕನಿಗೆ ವಹಿಸಿದ್ದನು. ತಾಜಿಕ ಅಂದರೆ ಅರಬ್ಬ. ಮಧುಮತಿ ಅಂದರೆ ಮುಹಮ್ಮದ್ ಎಂಬ ಹೆಸರಿನ ಸಂಸ್ಕೃತ ರೂಪ. ಆ ಮುಸಲ್ಮಾನ ಅಧಿಕಾರಿ ಅಲ್ಲಿ ಬ್ರಾಹ್ಮಣನೊಬ್ಬ ಕಟ್ಟಿಸಿದ ಮಠಕ್ಕೆ, ದೇವಿಯ ನೈವೇದ್ಯಕ್ಕೆ ಮತ್ತು ಅನ್ನದಾನಕ್ಕೆ ಊರು ಭೂಮಿ ದತ್ತಿ ಕೊಟ್ಟನು. ನದಿ ದಾಟುವವರಿಗೆ ಪುಕ್ಕಟೆ ದೋಣಿ ಇಡಿಸಿದ್ದನ್ನೂ ಶಾಸನ ನೆನೆಯುತ್ತದೆ. ಇರಾನಿನಿಂದ ಬಂದ ಪಾರಸಿಗಳು ತಮ್ಮ ಪವಿತ್ರ ಅಗ್ನಿಯನ್ನು ಪ್ರತಿಷ್ಠಾಪಿಸಿ ನೆಲೆ ನಿಂತದ್ದೂ ಇದೇ ಸಂಜಾನಿನಲ್ಲಿ ಎಂದು ಅವರ ಪರಂಪರೆ ಹೇಳುತ್ತದೆ.

ಕವಿರಾಜಮಾರ್ಗ

ಕನ್ನಡದಲ್ಲಿ ದೊರೆತಿರುವ ಮೊದಲ ಗ್ರಂಥ ಕವಿರಾಜಮಾರ್ಗ. ಸುಮಾರು 850ರ ಕಾಲದ್ದು. ಅರಸನೇ ಬರೆದನೆಂದು ಮೊದಲು ನಂಬಿಕೆಯಿತ್ತು. ಆಸ್ಥಾನದ ಶ್ರೀವಿಜಯ ಬರೆದು, ನೃಪತುಂಗ ಒಪ್ಪಿದ್ದೆಂದು ಈಗ ಬಹಳ ಮಂದಿ ವಿದ್ವಾಂಸರು ಹೇಳುತ್ತಾರೆ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡೆಂದು ಗಡಿ ಗುರುತಿಸಿದ್ದು ಇದೇ ಗ್ರಂಥ. ಓದು ಬರಹ ಕಲಿಯದ ಜನರೂ ಇಲ್ಲಿ ಕವಿತೆ ಬಲ್ಲವರೆಂದು ಅದು ಮೆಚ್ಚಿಕೊಳ್ಳುತ್ತದೆ.

ಇದು ಕಾವ್ಯ ಬರೆಯುವ ರೀತಿ ಕಲಿಸುವ ಪುಸ್ತಕ. ಧರ್ಮಗ್ರಂಥ ಅಲ್ಲ. ಆದರೂ ಅದರಲ್ಲಿ ಒಂದು ಕಡೆ, ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಿಕೊಳ್ಳುವ ಗುಣವನ್ನು ಬಂಗಾರದ ಸಮಕ್ಕೆ ಇಟ್ಟು ಹೇಳಲಾಗಿದೆ. ಸೈರಣೆ ಅನ್ನುವುದು ಸಣ್ಣ ಮಾತಲ್ಲ. ತನಗೆ ಒಪ್ಪಿಗೆಯಾದದ್ದನ್ನು ಯಾರೂ ಸೈರಿಸಬೇಕಾಗಿಲ್ಲ, ಅದು ತಾನಾಗಿಯೇ ಹಿತವಾಗಿರುತ್ತದೆ. ಒಪ್ಪಿಗೆಯಾಗದ್ದು ಪಕ್ಕದ ಮನೆಯಲ್ಲಿ, ಪಕ್ಕದ ಬೀದಿಯಲ್ಲಿ ನಡೆಯುವಾಗಲೇ ಸೈರಣೆಯ ಕೆಲಸ.

ಈ ಮಾತು ಈ ನೆಲದಲ್ಲಿ ಹೊಸದಾಗಿ ಹುಟ್ಟಿದ್ದೂ ಅಲ್ಲ. ಚಿತ್ತಾಪುರ ತಾಲೂಕಿನಲ್ಲಿ ಭೀಮಾ ತೀರದ ಸನ್ನತಿಯ ಚಂದ್ರಲಾಂಬಾ ತಾಯಿಯ ದರ್ಶನಕ್ಕೆ ಹೋಗದವರು ಈ ಭಾಗದಲ್ಲಿ ಕಡಿಮೆ. ಅಲ್ಲಿನ ಆವರಣದ ಕಾಳಿಕಾ ಗುಡಿಯ ಮಾಳಿಗೆ 1986ರಲ್ಲಿ ಕುಸಿಯಿತು. ಆಗ ನೋಡಿದರೆ ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕ ಚಕ್ರವರ್ತಿಯ ಶಾಸನ ಇತ್ತು! ಅದರಲ್ಲಿರುವುದು ಅವನ 12ನೆಯ, 14ನೆಯ ಶಾಸನಗಳು ಮತ್ತು ಬೇರೆ ಎರಡು ಶಾಸನಗಳು. ಈ 12ನೆಯದರ ವಿಷಯವೇ ಎಲ್ಲ ಪಂಥದವರಿಗೂ ಗೌರವ ಕೊಡಬೇಕು, ತನ್ನ ಪಂಥವನ್ನು ಹೊಗಳಿಕೊಂಡು ಇನ್ನೊಬ್ಬರದನ್ನು ಹಳಿಯಬಾರದು ಎಂಬುದು. ಬೌದ್ಧ ಅರಸನ ಆ ಮಾತಿನ ಮೇಲೆ ತಾಯಿ ಕಾಳಿಕಾದೇವಿ ಶತಮಾನಗಳಿಂದ ಕೂತು ಪೂಜೆ ಪಡೆಯುತ್ತಿದ್ದಳು. ಅಮೋಘವರ್ಷನಿಗೂ ಸಾವಿರ ವರ್ಷ ಮೊದಲಿನ ಕಲ್ಲು ಅದು. ಅಲ್ಲೇ ಹತ್ತಿರದ ಕನಗನಹಳ್ಳಿಯಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪವೂ, ಅಶೋಕರಾಜನ ಹೆಸರು ಬರೆದ ಶಿಲ್ಪವೂ ದೊರೆತವು.

ಇಷ್ಟೆಲ್ಲ ಅಂದ ಮಾತ್ರಕ್ಕೆ ಅಂದು ಎಲ್ಲವೂ ನೆಟ್ಟಗಿತ್ತು ಎಂದು ತಿಳಿಯಬಾರದು. ಮೇಲುಕೀಳು ಇತ್ತು, ಯುದ್ಧದಲ್ಲಿ ಊರು ಸುಡುವುದಿತ್ತು. ಮತಗಳ ನಡುವೆ ಜಗಳಗಳೂ ಮುಂದೆ ಬಂದವು. 1368ರಲ್ಲಿ ವಿಜಯನಗರದ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಕೂಡಿಸಿ ರಾಜಿ ಮಾಡಿಸಿ, ಶ್ರವಣಬೆಳಗೊಳದಲ್ಲಿ ಶಾಸನ ಹಾಕಿಸಬೇಕಾಯಿತು. ಇನ್ನೊಂದು ಸಂಗತಿ: ಅಮೋಘವರ್ಷನ ಕಾಲದಲ್ಲಿ ಪ್ರಜೆಗೆ ತನ್ನ ದೇವರನ್ನು ಪೂಜಿಸುವ ಅವಕಾಶ ಸಿಕ್ಕದ್ದು ಅರಸ ಒಳ್ಳೆಯವನಾಗಿದ್ದರಿಂದ. ಅರಸ ಬದಲಾದರೆ ಅದೂ ಬದಲಾಗಬಹುದಿತ್ತು. 1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನವು ತನ್ನ 25ನೆಯ ವಿಧಿಯಲ್ಲಿ ಅದನ್ನು ಯಾರ ದಯೆಗೂ ಬಿಡದೆ ಪ್ರತಿಯೊಬ್ಬರ ಹಕ್ಕು ಎಂದು ಬರೆದಿಟ್ಟಿದೆ.

ಕೊನೆಯ ದಿನಗಳು

ವಯಸ್ಸಾದಂತೆ ಅರಸನಿಗೆ ರಾಜ್ಯದ ಮೇಲಿನ ಮೋಹ ಕಡಿಮೆಯಾಯಿತು. ಒಂದಲ್ಲ, ಹಲವು ಸಲ ರಾಜ್ಯ ಬಿಟ್ಟುಕೊಟ್ಟನೆಂದು ಸಂಜಾನ್ ಶಾಸನ ಹೇಳುತ್ತದೆ. ಯುವರಾಜ ಕೃಷ್ಣನಿಗೂ ಮಂತ್ರಿಗಳಿಗೂ ಕಾರಭಾರ ಒಪ್ಪಿಸಿ ತಾನು ಗುರುಗಳ ಸನ್ನಿಧಿಯಲ್ಲಿ ಧ್ಯಾನ, ಸ್ವಾಧ್ಯಾಯದಲ್ಲಿ ಕಾಲ ಕಳೆದು ಮತ್ತೆ ಬರುತ್ತಿದ್ದನೆಂದು ತಿಳಿಯಬಹುದು.

ಆ ಕಾಲದ ಫಲವೆಂದು ಹೇಳುವ ಪುಟ್ಟ ಸಂಸ್ಕೃತ ಕೃತಿ ಪ್ರಶ್ನೋತ್ತರ ರತ್ನಮಾಲಿಕಾ. ಪ್ರಶ್ನೆ ಕೇಳಿ ಉತ್ತರ ಕೊಡುತ್ತ ಹೋಗುವ ನೀತಿಯ ಮಾಲೆ. ವಿವೇಕದಿಂದ ರಾಜ್ಯ ತ್ಯಜಿಸಿದ ಅಮೋಘವರ್ಷ ಇದನ್ನು ರಚಿಸಿದನೆಂದು ಅದರ ಕೊನೆಯಲ್ಲಿದೆ. ವಿಚಿತ್ರ ನೋಡಿ, ಇದೇ ಕೃತಿಯನ್ನು ಆದಿಶಂಕರರದೆಂದು ಪಾರಾಯಣ ಮಾಡುವವರೂ ಇದ್ದಾರೆ, ವಿಮಲನೆಂಬ ಜೈನ ಕವಿಯದೆಂದು ಹೇಳುವವರೂ ಇದ್ದಾರೆ. ಬೌದ್ಧರು ಟಿಬೆಟ್ಟಿನ ಭಾಷೆಗೆ ಅದನ್ನು ಅನುವಾದ ಮಾಡಿಕೊಂಡರು; ಆ ಅನುವಾದದಲ್ಲಿ ಕರ್ತೃ ಅಮೋಘವರ್ಷನೇ. ಒಂದು ಪುಟ್ಟ ಪುಸ್ತಕವನ್ನು ಮೂರು ಮನೆಯವರೂ ತಮ್ಮದೆಂದು ಎತ್ತಿ ಮುದ್ದಾಡಿದರು.

ಕ್ರಿ.ಶ. 878ರ ಸುಮಾರಿಗೆ ಅಮೋಘವರ್ಷನ ಆಳ್ವಿಕೆ ಮುಗಿಯಿತು. ಹಿಂದೆ ಹೇಳಿದ ಕಣ್ಹೇರಿಯ ಕೊನೆಯ ಶಾಸನ ಅವನ ಹೆಸರಿರುವ ಕೊನೆಯ ಬರಹಗಳಲ್ಲಿ ಒಂದು. ಜಿನಭಕ್ತ ಅರಸನ ಆಳ್ವಿಕೆಯ ಕೊನೆ ಎಲ್ಲಿ ದಾಖಲಾಗಿದೆ ಅಂದರೆ ಬೌದ್ಧರ ಗುಹೆಯಲ್ಲಿ. ಅವನ ನಂತರ ಮಾನ್ಯಖೇಟ ಇನ್ನೂ ಒಂದು ಶತಮಾನ ಮೆರೆಯಿತು. ಪೊನ್ನನಂಥ ಕವಿಗಳು, ಅಪಭ್ರಂಶದಲ್ಲಿ ಮಹಾಪುರಾಣ ಬರೆದ ಪುಷ್ಪದಂತ ಇಲ್ಲಿ ಆಶ್ರಯ ಪಡೆದರು. 972ರಲ್ಲಿ ಮಾಳವದ ಪರಮಾರ ಸೀಯಕನ ದಂಡು ಬಂದು ನಗರವನ್ನು ಲೂಟಿ ಮಾಡಿತು.

ಇಂದಿನ ಮಳಖೇಡ

ಮಳಖೇಡವು ಕಲಬುರಗಿಯಿಂದ ಸೇಡಂ ರಸ್ತೆಯಲ್ಲಿ ಸುಮಾರು 40 ಕಿ.ಮೀ. ದೂರದಲ್ಲಿದೆ. ರೈಲಿನಲ್ಲಿ ಬರುವವರಿಗೆ ವಾಡಿಯಿಂದ ಸಿಕಂದರಾಬಾದ ಮಾರ್ಗದಲ್ಲಿ ಚಿತ್ತಾಪುರ ದಾಟಿದ ಮೇಲೆ ಮಳಖೇಡ ರೋಡ್ ಎಂಬ ಸ್ಟೇಷನ್ ಸಿಗುತ್ತದೆ. ಎಲ್ಲ ಗಾಡಿಗಳೂ ನಿಲ್ಲುವುದಿಲ್ಲ, ವಿಚಾರಿಸಿಕೊಂಡು ಹತ್ತಬೇಕು. ಭಂಕೂರ, ಶಹಾಬಾದ ಕಡೆಯವರಿಗೆ ವಾಡಿಯಲ್ಲಿ ಗಾಡಿ ಬದಲಿಸುವುದು ಅನುಕೂಲ. ಊರಲ್ಲಿ ಹಳೆಯ ನೇಮಿನಾಥ ಬಸದಿ ಇದೆ. ಅದರ ಕಂಬಗಳ ಮೇಲೆ, ಗೋಡೆಗಳ ಮೇಲೆ ತೀರ್ಥಂಕರರ ಬಿಂಬಗಳಿವೆ. ಮಧ್ವ ಪರಂಪರೆಯ ಟೀಕಾಚಾರ್ಯರಾದ ಜಯತೀರ್ಥರ ಸನ್ನಿಧಿ ಎಂದು ಭಕ್ತರು ನಡೆದುಕೊಳ್ಳುವ ಉತ್ತರಾದಿ ಮಠದ ಕ್ಷೇತ್ರವೂ ಇಲ್ಲೇ ಕಾಗಿಣೆಯ ತೀರದಲ್ಲಿದೆ. ಕೋಟೆಯನ್ನು ನೋಡಬೇಕೆಂದವರು ಬಿಸಿಲು ಏರುವ ಮೊದಲೇ ಹೋಗುವುದು ಒಳ್ಳೆಯದು, ಕುಡಿಯುವ ನೀರು ಜೊತೆಗಿರಲಿ. ಮಳೆಗಾಲದಲ್ಲಿ ಕಾಗಿಣೆ ತುಂಬಿ ಹರಿಯುವಾಗ ನದಿಗೆ ಇಳಿಯಬಾರದು. ಸನ್ನತಿಯನ್ನೂ ನೋಡುವ ಇಚ್ಛೆ ಇದ್ದವರು ಚಿತ್ತಾಪುರ ಮಾರ್ಗವಾಗಿ ಹೋಗಬಹುದು. ಎರಡನ್ನೂ ಒಂದೇ ದಿನದಲ್ಲಿ ಮುಗಿಸಬೇಕೆಂದರೆ ಬೆಳಿಗ್ಗೆ ಬೇಗ ಹೊರಡಬೇಕಾಗುತ್ತದೆ.